ಕೊಟ್ಟವರ ಹೆಸರು

ಕೊಟ್ಟದ್ದನ್ನು ಹೇಳಿಕೊಳ್ಳಬಾರದು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಕೊಟ್ಟವರ ಹೆಸರೇ ಅಳಿಸಿಹೋಗುವಷ್ಟು ಸುಮ್ಮನಿರುವುದೂ ಧರ್ಮವೇ? ಜಗದೀಶಚಂದ್ರ ಬೋಸರ ಹಳೆಯ ಸಲಕರಣೆಗಳ ಬಗ್ಗೆ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಬೋಸರೆಂದರೆ ಗಿಡಗಳ ಸಂವೇದನೆಯನ್ನು ತೋರಿಸಿಕೊಟ್ಟವರು ಎಂದಷ್ಟೇ ನಮಗೆ ಗೊತ್ತು. ಅದಕ್ಕೂ ಮೊದಲು, 1894ರಿಂದ ಕೆಲವು ವರ್ಷ, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ರೇಡಿಯೋ ಅಲೆಗಳ ಬೆನ್ನು ಹತ್ತಿದ್ದರು. ನಮ್ಮ ಅಡುಗೆಮನೆಯ ಮೈಕ್ರೋವೇವ್ ಓವನ್ನಿನ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ. ಅವರು ಹುಟ್ಟಿಸಿದ ಅಲೆಗಳಲ್ಲಿ ಕೆಲವು ಬರೀ 5 ಮಿಲಿಮೀಟರ್!

ಆ ಸಲಕರಣೆಗಳು ಅವರೇ 1917ರಲ್ಲಿ ಕಟ್ಟಿದ ಬೋಸ್ ಸಂಸ್ಥೆಯಲ್ಲಿ ಇಂದಿಗೂ ಇವೆ. ತಿಳಿಯದವರ ಕಣ್ಣಿಗೆ ಅವು ಗುಜರಿ ಸಾಮಾನಿನಂತೆ ಕಂಡಾವು. ಒಂದು ಚೌಕ ಕೊಳವೆ, ಅದರ ಬಾಯಿಗೆ ಎಣ್ಣೆ ಹೊಯ್ಯುವ ಆಲಿಕೆಯಂಥದು. ಕೊಳವೆಯೊಳಗೆ ಅಲೆ ಹರಿಯುತ್ತದೆ, ಆಲಿಕೆ ಅದನ್ನು ಒಂದೇ ದಿಕ್ಕಿಗೆ ಕಳಿಸುತ್ತದೆ, ಇಲ್ಲವೇ ಬಂದದ್ದನ್ನು ಒಟ್ಟುಮಾಡುತ್ತದೆ. ಕೊಳವೆಯ ಅಗಲದ ಎರಡರಷ್ಟಕ್ಕಿಂತ ಉದ್ದದ ಅಲೆ ಅದರೊಳಗೆ ಹಾಯಲಾರದು. ಹಾಗಾಗಿ ಕೊಳವೆ ಕಿರಿದಾದಷ್ಟೂ ಅದರ ಅಲೆ ಗಿಡ್ಡವೆಂದು ಬಲ್ಲವರು ನೋಡಿಯೇ ಹೇಳುತ್ತಾರೆ. ಇನ್ನೊಂದು, ಹಾಳೆಗಳ ನಡುವೆ ತೆಳುವಾದ ತವರದ ಹಾಳೆಗಳನ್ನಿಟ್ಟ ರೈಲ್ವೆ ವೇಳಾಪಟ್ಟಿಯ ಪುಸ್ತಕ! ಅದನ್ನು ಒಂದು ಬಗೆಯಲ್ಲಿ ಹಿಡಿದರೆ ಅಲೆ ದಾಟುತ್ತದೆ, ಅಡ್ಡ ತಿರುಗಿಸಿದರೆ ತಡೆಯುತ್ತದೆ. ಹೊಸೆದ ಸೆಣಬಿನ ಎಳೆಗಳಿಂದಲೂ ಅವರು ಅಲೆಯ ಕಂಪನದ ದಿಕ್ಕನ್ನು ತಿರುಗಿಸಿ ತೋರಿಸಿದರು. ಅಲೆ ಬಂತೆಂದು ತಿಳಿಯಲು ಸೀಸದ ಅದಿರಾದ ಗೆಲೀನಾದ ಹರಳು, ಅದಕ್ಕೆ ತಾಗಿದ ಲೋಹದ ಮೊನೆ. ಕೈಗೆ ಸಿಕ್ಕಿದ್ದರಲ್ಲೇ ಸಂಸಾರ ತೂಗಿಸುವ ಗೃಹಿಣಿಯ ಜಾಣತನ ಇದರಲ್ಲಿ ನನಗೆ ಕಾಣುತ್ತದೆ.

ಪೇಟೆಂಟ್ ಮಾಡಿಸಿ ಹಣ ಮಾಡೋಣವೆಂದು ಬಂದ ತಂತಿ ಕಂಪನಿಯವನೊಬ್ಬನ ಆಮಿಷವನ್ನು ತಳ್ಳಿಹಾಕಿದ್ದಾಗಿ 1901ರಲ್ಲಿ ಅವರು ರವೀಂದ್ರನಾಥರಿಗೆ ಪತ್ರ ಬರೆದರು. ಕೊನೆಗೆ ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಎಂಬ ಇಬ್ಬರು ಹೆಂಗಸರ ಒತ್ತಾಯದಿಂದ ಗೆಲೀನಾ ಉಪಕರಣಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಬೋಸರು ಅದರಿಂದ ಲಾಭ ಮಾಡಿಕೊಳ್ಳಲಿಲ್ಲ. ಮುಂದೆ 1930ರ ದಶಕದಲ್ಲಿ ಅಮೆರಿಕದವರು ಅಂಥವೇ ಕೊಳವೆ, ಆಲಿಕೆಗಳನ್ನು ಹೊಸದಾಗಿ ಕಂಡುಕೊಂಡರು. ಅಷ್ಟರಲ್ಲಿ ಬೋಸರ ಕೆಲಸದ ನೆನಪು ಮಾಸಿತ್ತು. 2012ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಜಾಗತಿಕ ಸಂಘ ಆ ಕೆಲಸವನ್ನು ಮೈಲಿಗಲ್ಲೆಂದು ಗೌರವಿಸಿತು.

ಹಾಗಾದರೆ ಅವರು ಮಾಡಿದ್ದು ಸರಿಯೇ? ಬೋಸರು ತಮಗೆ ಸಲ್ಲಬೇಕಾದ್ದನ್ನು ಸುಮ್ಮನೆ ಬಿಟ್ಟುಕೊಡುವವರಲ್ಲ. ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಕೊಟ್ಟರೆಂದು ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಮಾಡಿದವರು. ಸಂಬಳ ಮಾನದ ಪ್ರಶ್ನೆ, ಅಲ್ಲಿ ಹಟ ಹಿಡಿದರು. ವಿದ್ಯೆ ದಾನದ ವಿಷಯ, ಅಲ್ಲಿ ಕೈಬಿಟ್ಟರು. ಎರಡನ್ನೂ ಅವರೇ ಆರಿಸಿಕೊಂಡರು.

ನಮ್ಮ ಅಜ್ಜಿಯರಿಗೆ ಆ ಆಯ್ಕೆ ಎಲ್ಲಿತ್ತು? ಉಪ್ಪಿನಕಾಯಿಯ ಹದ, ಬಾಣಂತಿಯ ಮದ್ದು, ಹಸೆಯ ಹಾಡು ಎಲ್ಲವನ್ನೂ ಕೊಟ್ಟರು. ಯಾರದೆಂದು ಯಾರೂ ಕೇಳಲಿಲ್ಲ. ಕೊಡುವವರಿಗೆ ಬೇಡವೆನ್ನುವ ಹಕ್ಕಿದ್ದರೆ ಮಾತ್ರ ಅದು ದಾನ. ಇಲ್ಲವಾದರೆ ಅದು ಬರೀ ಕಳೆದುಕೊಳ್ಳುವುದು. ಹೆಸರಿಲ್ಲದೆ ದುಡಿಯುವುದೆಂದರೇನೆಂದು ಹೆಂಗಸರಿಗೆ ಗೊತ್ತಿರುವುದರಿಂದಲೇ ಆ ಇಬ್ಬರು ಬೋಸರನ್ನು ಅಷ್ಟು ಒತ್ತಾಯಿಸಿದರೇನೋ ಎಂದು ನನಗನ್ನಿಸುತ್ತದೆ.

ಹೇಳಿಕೊಳ್ಳಬಾರದೆಂಬ ನೀತಿ ಕೊಟ್ಟವರಿಗೆ ಸಲ್ಲುತ್ತದೆ, ಪಡೆದವರಿಗಲ್ಲ. ಕೊಟ್ಟವರು ಬೆಲೆ ಬೇಡವೆಂದಿರಬಹುದು. ಹೆಸರು ಹೇಳುವ ಋಣ ಮಾತ್ರ ಪಡೆದವರ ಮೇಲೆ ಉಳಿಯುತ್ತದೆ. ಮಗಳಿಗೆ ಸಾರಿನ ಪುಡಿಯ ಅಳತೆ ಬರೆದುಕೊಡುವಾಗ, ಅದು ಯಾರಿಂದ ಬಂತೆಂದು ಮೇಲೊಂದು ಸಾಲು ಬರೆಯೋಣ. ನಮ್ಮಿಂದ ಅಷ್ಟಾದರೂ ಆಗಲಿ.