ಗಡಿಯಾಚೆಯ ಪೇಟೆಯೂ ನೆರೆಯವನ ಅಂಗಡಿಯೂ

ಮಂಜೇಶ್ವರ, ಕಾಸರಗೋಡು ಕಡೆಯ ನಮ್ಮ ಊರುಗಳಲ್ಲಿ ಶನಿವಾರವಾಯಿತೆಂದರೆ ತಲಪಾಡಿಯ ದಾರಿ ಹಿಡಿದು ಬಡಗಣಕ್ಕೆ ಹೋಗುವ ಬೈಕುಗಳನ್ನೂ ಕಾರುಗಳನ್ನೂ ಕಾಣದವರಾರು? ಮದುವೆಯ ಸೀರೆಗೂ ಮಕ್ಕಳ ಬಟ್ಟೆಗೂ, ಕೆಲವರಂತೂ ತಿಂಗಳ ಅಕ್ಕಿಬೇಳೆಗೂ ಮಂಗಳೂರಿಗೆ ಹೋಗುವರು. ಹಿಂದಿರುಗುವಾಗ ಗಡಿಯನ್ನು ದಾಟುವ ಮುಂಚೆ ಪೆಟ್ರೋಲನ್ನು ತುಂಬಿಸಿಕೊಂಡು ಬರುವರು. ನಾವು ಸಹ ಹಾಗೆ ಮಾಡಿದವರೇ. ಅದರಲ್ಲಿ ವಿಚಾರಿಸತಕ್ಕದ್ದು ಏನಾದರೂ ಉಂಟೆಂದು ಬಹುಕಾಲ ನಮಗೆ ತೋಚಲಿಲ್ಲ.

ತೋಚಿಸಿದವರು ನಮ್ಮ ಸಮೀಪದ ಒಬ್ಬ ಜಿನಸಿನ ಅಂಗಡಿಯವರು. ಒಂದು ದಿನ ಅವರು ತಮ್ಮ ಲೆಕ್ಕದ ಪುಸ್ತಕವನ್ನು ನಮ್ಮ ಮುಂದಿಟ್ಟು, “ಕೈಯಲ್ಲಿ ಹಣವಿರುವ ವಾರ ಎಲ್ಲರಿಗೂ ಮಂಗಳೂರು ಬೇಕು, ಹಣವಿಲ್ಲದ ವಾರ ಎಲ್ಲರಿಗೂ ನಾನು ಬೇಕು. ನನ್ನ ಅಂಗಡಿ ಸಾಲ ಬರೆಯುವದಕ್ಕೆ ಮಾತ್ರವೋ?” ಎಂದು ಕೇಳಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಪುಸ್ತಕದಲ್ಲಿ ನಮ್ಮ ಹೆಸರೂ ಇತ್ತು.

ಈ ವಿಷಯವನ್ನು ನ್ಯಾಯವಾಗಿ ತೂಗಬೇಕಾದರೆ ಮೊದಲು ಗಡಿಯ ಮಾತನ್ನು ಹೇಳಬೇಕು. 1956ನೇ ಇಸವಿ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ದಿನ ಅದು ಕೇರಳಕ್ಕೆ ಸೇರಿಸಲ್ಪಟ್ಟಿತು. ಗೆರೆ ಬಿತ್ತೇ ಹೊರತು ನಂಟಸ್ತಿಕೆ ಹರಿಯಲಿಲ್ಲ. ನಮ್ಮಲ್ಲಿ ಅನೇಕರ ಅಕ್ಕತಂಗಿಯರು ಆಚೆ ಕಡೆಗೆ ಕೊಡಲ್ಪಟ್ಟಿದ್ದಾರೆ. ಕಾಲೇಜು ಅಲ್ಲಿ, ಆಸ್ಪತ್ರೆ ಅಲ್ಲಿ, ಕನ್ನಡದ ಪತ್ರಿಕೆ ಬರುವದು ಅಲ್ಲಿಂದ. ರಾಜಧಾನಿಯಾದ ತಿರುವನಂತಪುರವೋ ನಮಗೆ ಐನೂರು ಕಿಲೋಮೀಟರಿಗಿಂತಲೂ ದೂರ. ಆದಕಾರಣ ಮಂಗಳೂರಿನಲ್ಲಿ ಕೊಳ್ಳುವವನಿಗೆ “ಪರರಾಜ್ಯದಲ್ಲಿ ಕೊಂಡೆ” ಎಂದು ದೋಷ ಹೊರಿಸುವದು ಸರಿಯಲ್ಲ. ನೆರೆಯವನು ಯಾರೆಂಬದು ಸರಕಾರದ ನಕಾಶೆಯಿಂದ ತೀರ್ಮಾನವಾಗುವ ಪ್ರಶ್ನೆಯಲ್ಲವಷ್ಟೆ.

ಇನ್ನೊಂದನ್ನೂ ಮರೆಯಕೂಡದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಾಗ ನಮ್ಮ ಸಭೆಗಳ ಎಷ್ಟೋ ಕುಟುಂಬಗಳಿಗೆ ಅನ್ನ ದೊರಕಿತು. ಆ ಹಂಚುಗಳನ್ನು ಮಂಗಳೂರಿನವರು ಮಾತ್ರವೇ ಕೊಂಡುಕೊಂಡರೋ? ಹಡಗುಗಳಲ್ಲಿ ಅವು ಸಿಂಹಳಕ್ಕೂ ಏಡನಿಗೂ ಪೂರ್ವ ಆಫ್ರಿಕಕ್ಕೂ ಹೋದವು. ಅಲ್ಲಿಯವರೆಲ್ಲರು ‘ನಮ್ಮೂರ ಹೊದಿಕೆಯೇ ನಮಗೆ ಸಾಕು’ ಎಂದು ಹಠ ಹಿಡಿದಿದ್ದರೆ ನಮ್ಮ ಅಜ್ಜಂದಿರ ಕೂಲಿ ಎಲ್ಲಿಂದ ಬರುತ್ತಿತ್ತು? ದೂರದವನ ಹಣದಿಂದ ಬದುಕಿದವರ ಮೊಮ್ಮಕ್ಕಳು ನಾವು. ಹೀಗಿರಲಾಗಿ, ದೂರದಲ್ಲಿ ಕೊಳ್ಳುವದೇ ಪಾಪವೆಂದು ಬೋಧಿಸುವ ಬಾಯಿ ನಮಗಿಲ್ಲ.

ಆದರೂ ಅಂಗಡಿಯವರ ಪ್ರಶ್ನೆ ತೀರಲಿಲ್ಲ. ಗಡಿಯಾಚೆ ನಾವು ಉಳಿಸುವ ಹಣ ಎಲ್ಲಿಂದ ಬರುತ್ತದೆಂದು ನೋಡೋಣ. 2017 ಜುಲೈ 1ರಿಂದ ಜಿ.ಎಸ್.ಟಿ. ಎಂಬ ತೆರಿಗೆ ಬಂದ ಮೇಲೆ ಬಟ್ಟೆ, ಪಾತ್ರೆ ಮುಂತಾದವುಗಳ ಮೇಲಿನ ದರವು ಎರಡೂ ರಾಜ್ಯಗಳಲ್ಲಿ ಒಂದೇ. ಅಲ್ಲಿ ಅಗ್ಗವಾಗಿ ಸಿಕ್ಕಿದರೆ ಅದು ದೊಡ್ಡ ಪೇಟೆಯ ದೊಡ್ಡ ವ್ಯಾಪಾರದಿಂದಲೇ ಹೊರತು ತೆರಿಗೆಯಿಂದಲ್ಲ. ಪೆಟ್ರೋಲು ಡೀಸಲುಗಳು ಮಾತ್ರ ಆ ತೆರಿಗೆಯ ಹೊರಗಿರುವದರಿಂದ ಅವುಗಳ ಮೇಲೆ ಒಂದೊಂದು ರಾಜ್ಯವು ತನಗೆ ಬೇಕಾದಷ್ಟು ವಿಧಿಸುತ್ತದೆ. ಕೇರಳವು ಹೆಚ್ಚು ವಿಧಿಸುತ್ತದೆ. (ಕರ್ನಾಟಕವೂ 2024ರ ಜೂನಿನಲ್ಲಿ ಪೆಟ್ರೋಲಿಗೆ ಲೀಟರಿಗೆ ಸುಮಾರು 3 ರೂಪಾಯಿ ಏರಿಸಿತು, ಆಗ ನಮ್ಮವರಲ್ಲಿ ಕೆಲವರು ತಮ್ಮ ಹಕ್ಕೇ ಹೋಯಿತೋ ಎಂಬಂತೆ ಗೊಣಗಿದರು.)

ಈಗ ಇಲ್ಲಿ ಸ್ವಲ್ಪ ನಿಲ್ಲಬೇಕು. 2023 ಏಪ್ರಿಲ್ 1ರಿಂದ ಕೇರಳ ಸರಕಾರವು ಪೆಟ್ರೋಲಿಗೂ ಡೀಸಲಿಗೂ ಲೀಟರಿಗೆ 2 ರೂಪಾಯಿಯಂತೆ ಒಂದು ವಿಶೇಷ ಕರವನ್ನು ವಿಧಿಸಿತು. ಅದು ಸಾಮಾಜಿಕ ಭದ್ರತೆಯ ನಿಧಿಗೆಂದು, ಅಂದರೆ ಮುದುಕರು, ವಿಧವೆಯರು, ಅಂಗವಿಕಲರು ಇವರ ಪಿಂಚಣಿಗೆಂದು ಹೇಳಲ್ಪಟ್ಟಿತು. ಸರಕಾರವು ಇದನ್ನು ಬೇರೆ ವಿಧದಲ್ಲಿ ಕೂಡಿಸಬಹುದಾಗಿತ್ತೆಂದು ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ಆದರೆ ಕರವು ವಿಧಿಸಲ್ಪಟ್ಟ ಮೇಲೆ, ತಲಪಾಡಿಯ ಆಚೆ ಐದು ಲೀಟರ್ ತುಂಬಿಸಿಕೊಂಡು ಬಂದವನು ತನ್ನ ಉಳಿತಾಯವನ್ನು ಎಣಿಸುವಾಗ ಅದರಲ್ಲಿ 10 ರೂಪಾಯಿ ಆ ನಿಧಿಗೆ ಸೇರತಕ್ಕದ್ದಾಗಿತ್ತೆಂಬದನ್ನೂ ಎಣಿಸಬೇಕಷ್ಟೆ. ಅವನ ತಾಯಿಯೇ ಆ ಪಿಂಚಣಿಯನ್ನು ಪಡೆಯುವವಳಾಗಿರಬಹುದು. ತಿಂಗಳು ತಪ್ಪಿ ಬಂದರೆ ಮೊದಲು ಬೈಯುವವನೂ ಅವನೇ.

ಇದು ಕಳ್ಳತನವಲ್ಲ. ತನ್ನ ವಾಹನಕ್ಕೆ ಎಲ್ಲಿ ಬೇಕಾದರೂ ಪೆಟ್ರೋಲು ತುಂಬಿಸಲು ಕಾನೂನು ಅಡ್ಡಿ ಮಾಡುವದಿಲ್ಲ. (ಆಚೆಯಿಂದ ಮದ್ಯವನ್ನು ಬಚ್ಚಿಟ್ಟು ತರುವವರ ಸಂಗತಿ ಬೇರೆ, ಅದು ಅಪರಾಧ, ಅದಕ್ಕೆ ವಿಚಾರ ಬೇಡ.) ಆದರೆ ಕಾನೂನು ತಡೆಯದ್ದೆಲ್ಲಾ ನ್ಯಾಯವೆಂದು ನಾವು ನಮ್ಮ ಮಕ್ಕಳಿಗೆ ಕಲಿಸುವದುಂಟೋ?

2020ರ ಮಾರ್ಚಿ ತಿಂಗಳನ್ನು ನೆನಪಿಗೆ ತಂದುಕೊಳ್ಳಿರಿ. ಕೊರೋನ ರೋಗದ ಭಯದಿಂದ ಕರ್ನಾಟಕವು ಗಡಿಯನ್ನು ಮುಚ್ಚಿತು. ಕೆಲವು ದಾರಿಗಳಲ್ಲಿ ಮಣ್ಣನ್ನೇ ತಂದು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮ್ಮ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು. ಸಮಯಕ್ಕೆ ಚಿಕಿತ್ಸೆ ದೊರೆಯದೆ ಹಲವರು ತೀರಿಹೋದರು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ದಾರಿ ಬಿಡಿಸಬೇಕೆಂದು ಆಜ್ಞಾಪಿಸಿತು, ಸಂಗತಿಯು ಸುಪ್ರೀಂ ಕೋರ್ಟಿಗೂ ಹೋಯಿತು. ಆ ಹೊತ್ತಿಗೆ, 2013ರಲ್ಲಿ ಅಸ್ತಿವಾರ ಹಾಕಲ್ಪಟ್ಟಿದ್ದ ಉಕ್ಕಿನಡ್ಕದ ಸರಕಾರೀ ಮೆಡಿಕಲ್ ಕಾಲೇಜು ಇನ್ನೂ ಪೂರ್ತಿಯಾಗಿರಲಿಲ್ಲ. ಏಳು ವರುಷ ಅದಕ್ಕಾಗಿ ಬಲವಾಗಿ ಕೇಳಿದವರು ಎಷ್ಟು ಮಂದಿ? ಕೇಳಲು ಶಕ್ತಿಯುಳ್ಳವರಿಗೆ ಅದು ಬೇಕಾಗಿರಲಿಲ್ಲ, ಯಾಕಂದರೆ ಅವರಿಗೆ ಮಂಗಳೂರಿತ್ತು.

ಇದೇ ನಮ್ಮನ್ನು ಬಾಧಿಸುವ ಸಂಗತಿ. ವಾಹನವೂ ಕೈಯಲ್ಲಿ ಹಣವೂ ಉಳ್ಳವರು ಆಚೆಗೆ ಹೋಗುತ್ತಾರೆ. ನಡೆಯಲಾರದ ಮುದುಕಿಯೂ, ದಿನಗೂಲಿಯವನೂ, ಬಸ್ಸಿನ ಹಣವನ್ನು ಹೊಂದಿಸಲಾರದವನೂ ಇಲ್ಲಿ ಉಳಿಯುತ್ತಾರೆ. ಒಳ್ಳೇ ಗಿರಾಕಿಗಳು ಹೋದ ಮೇಲೆ ಅಂಗಡಿಯಲ್ಲಿ ಸರಕು ಕಡಿಮೆಯಾಗುತ್ತದೆ, ಕ್ರಯ ಏರುತ್ತದೆ. ಆ ಏರಿದ ಕ್ರಯವನ್ನು ಕೊಡುವವರು ಉಳಿದವರೇ. ನಾವು ಮಂಗಳೂರಿನಲ್ಲಿ ಉಳಿಸಿದ ನೂರು ರೂಪಾಯಿಯಲ್ಲಿ ಆ ಮುದುಕಿಯ ಹತ್ತು ರೂಪಾಯಿ ಸೇರಿದೆ. ಮಂಗಳೂರಿನ ವ್ಯಾಪಾರಿಯು ಅನ್ಯನೆಂಬದು ಇಲ್ಲಿಯ ಮಾತಲ್ಲ. ಅವನೂ ನಮ್ಮ ಭಾಷೆಯವನೇ. ಆದರೆ ಅವನಿಗೆ ನಾವು ಇಲ್ಲದಿದ್ದರೂ ನಡೆಯುತ್ತದೆ.

ಬಡ ಕುಟುಂಬವೊಂದು ಮಗಳ ಮದುವೆಗೆ ಆಚೆ ಹೋಗಿ ಎರಡು ಸಾವಿರ ಉಳಿಸಿದರೆ ಅದಕ್ಕೆ ನಾವು ಸಂತೋಷಪಡುವೆವು. ಅಂಗಡಿಯವರಿಗೂ ಇದನ್ನು ಹೇಳಿದೆವು, ಅವರು ಒಪ್ಪಿದರು. ತೂಕದಲ್ಲಿಯೂ ಕ್ರಯದಲ್ಲಿಯೂ ತಾನು ಸರಿಯಾಗಿರದೆ ‘ಊರವನು’ ಎಂಬ ಹೆಸರನ್ನು ಮಾತ್ರ ತೋರಿಸಿ ಗಿರಾಕಿಯನ್ನು ಕಟ್ಟಿಹಾಕಲು ನೋಡುವ ವ್ಯಾಪಾರಿಗಳೂ ಇದ್ದಾರೆಂದು ಹೇಳಿದಾಗ ಸ್ವಲ್ಪ ಸುಮ್ಮನಿದ್ದು ಅದನ್ನೂ ಒಪ್ಪಿದರು.

ನಮ್ಮ ಮನೆಯಲ್ಲಿ ಈ ವಿಷಯವಾಗಿ ಮಾತುಕತೆ ನಡೆದು, ಅಕ್ಕಿ, ಬೆಲ್ಲ, ಎಣ್ಣೆ, ಸಾಬೂನು ಇವು ಸಮೀಪದ ಅಂಗಡಿಯಿಂದಲೇ ಬರಬೇಕು, ಅದೂ ಹಣವಿರುವ ವಾರದಲ್ಲಿ ರೊಕ್ಕ ಕೊಟ್ಟೇ ಬರಬೇಕು ಎಂದು ಗೊತ್ತುಮಾಡಿದೆವು. ಬಟ್ಟೆಗೆ ಮಂಗಳೂರೇ. ಪೆಟ್ರೋಲಿನ ವಿಷಯದಲ್ಲಿ ಮಾತ್ರ ಒಮ್ಮತವಾಗಲಿಲ್ಲ. ದಿನಾಲು ಕೆಲಸಕ್ಕೆ ಆಚೆಗೆ ಹೋಗುವ ನಮ್ಮ ಮಗನು, ದುಡಿಯುವ ಊರಲ್ಲಿಯೇ ತುಂಬಿಸಿದರೆ ತಪ್ಪೇನೆಂದು ಕೇಳುತ್ತಾನೆ, ಅವನಿಗೆ ಕೊಡತಕ್ಕ ಉತ್ತರವು ನಮಗೆ ಇನ್ನೂ ದೊರಕಲಿಲ್ಲ. ಲೆಕ್ಕದ ಪುಸ್ತಕದಲ್ಲಿದ್ದ ಬಾಕಿಯನ್ನು ಹೋದ ತಿಂಗಳು ತೀರಿಸಿದೆವು.