ಎರಡನೇ ಡಿಕಾಕ್ಷನ್

ನಮ್ಮ ಮನೆಯಲ್ಲಿ ಏನನ್ನೂ ದಂಡ ಮಾಡುವುದಿಲ್ಲ ಎಂದು ಹೇಳಿಕೊಳ್ಳುವುದು ನನಗೆ ಬಹಳ ಹೆಮ್ಮೆಯ ವಿಷಯವಾಗಿತ್ತು. ಅಕ್ಕಿ ತೊಳೆದ ನೀರು ಕರಿಬೇವಿಗೆ, ಹಳೆಯ ಪಂಚೆ ಮಸಿಬಟ್ಟೆಗೆ, ಕಾಫಿಯ ಚರಟ ಗುಲಾಬಿಯ ಬುಡಕ್ಕೆ. ಶಾಲೆಯಲ್ಲಿ ಮಕ್ಕಳಿಂದ ‘ಕಸದಿಂದ ರಸ’ ಪ್ರದರ್ಶನ ಮಾಡಿಸುವವಳೂ ನಾನೇ. ಚರಟದ ಬಗ್ಗೆ ಬರೆಯಲು ಕುಳಿತಾಗ ನನ್ನ ಜಾಣತನವನ್ನೇ ಬರೆಯುತ್ತೇನೆ ಎಂದುಕೊಂಡಿದ್ದೆ. ಬರೆಯುತ್ತಾ ಹೋದಂತೆ ಬೇರೆಯದೇ ನೆನಪಾಯಿತು.

1994ರಲ್ಲಿ ಮದುವೆಯಾಗಿ ಹಾಸನದ ಈ ಮನೆಗೆ ಬಂದಾಗ ಅತ್ತೆ ನನಗೆ ಮೊದಲು ಕಲಿಸಿದ್ದು ಫಿಲ್ಟರಿಗೆ ಪುಡಿ ಹಾಕುವುದನ್ನು. ಮೊದಲ ಡಿಕಾಕ್ಷನ್ ಮನೆಯವರಿಗೆ, ಬಂದ ನೆಂಟರಿಗೆ. ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ ಎರಡನೇ ಡಿಕಾಕ್ಷನ್ ಪಾತ್ರೆ ತಿಕ್ಕುವಾಕೆಗೆ. ಕೊನೆಗೆ ಉಳಿದ ಚರಟ ಗಿಡಕ್ಕೆ. ಅತ್ತೆ ಕೆಟ್ಟವರಲ್ಲ. ಒಬ್ಬರ ಸಂಬಳದಲ್ಲಿ ಐದು ಮಕ್ಕಳನ್ನು ಓದಿಸಿದವರು, ಪುಡಿಯನ್ನು ಚಮಚದಲ್ಲಿ ಎಣಿಸಿ ಹಾಕಿದವರು. ಅವರು ತೀರಿಕೊಂಡ ಮೇಲೆ, ಇಬ್ಬರ ಸಂಬಳ ಬರುವ ಮನೆಯಲ್ಲಿ, ಅದೇ ಕ್ರಮವನ್ನು ನಡೆಸಿಕೊಂಡು ಬಂದವಳು ನಾನು.

ಚರಟದಲ್ಲಿ ಸತ್ವವಿದೆ ಎನ್ನುವುದು ಸುಳ್ಳಲ್ಲ. ಚಿಕೋರಿ ಬೆರೆಸದ ನೂರು ಗ್ರಾಂ ಪುಡಿಯಲ್ಲಿ ನೀರಿಗೆ ಇಳಿಯುವುದು 20–30 ಗ್ರಾಂ ಮಾತ್ರ, ಮಿಕ್ಕಿದ್ದೆಲ್ಲ ಫಿಲ್ಟರಿನಲ್ಲೇ ಉಳಿಯುತ್ತದೆ. ಅದರಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸಾರಜನಕ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬಟ್ಟಲಲ್ಲಿ ಇಟ್ಟರೆ ಫ್ರಿಜ್ಜಿನ ವಾಸನೆ ಹೀರುತ್ತದೆ. ಜಿಡ್ಡು ಹಿಡಿದ ಕಬ್ಬಿಣದ ಬಾಣಲೆಯನ್ನು ಉಜ್ಜುವುದಕ್ಕೂ ಆದೀತು. ಸಿಂಕಿಗೆ ಮಾತ್ರ ಸುರಿಯಬಾರದು, ಎಣ್ಣೆಯ ಜೊತೆ ಸೇರಿ ಪೈಪು ಕಟ್ಟಿಕೊಳ್ಳುತ್ತದೆ.

ಆದರೆ ಗಿಡದ ವಿಷಯದಲ್ಲಿ ನಾನು ಎರಡು ಸಲ ಪೆಟ್ಟು ತಿಂದೆ. ಗುಲಾಬಿಯ ಬುಡಕ್ಕೆ ದಿನವೂ ದಪ್ಪಗೆ ಸುರಿದೆ. ಅದು ಒಣಗಿ ಹೆಪ್ಪಳಿಕೆಯಂತಾಗಿ, ಹಾಕಿದ ನೀರು ಬೇರಿಗಿಳಿಯದೆ ಪಕ್ಕಕ್ಕೆ ಹರಿಯಿತು. ಕೊತ್ತಂಬರಿ ಬಿತ್ತಿದ ಕುಂಡಕ್ಕೆ ಹಸಿ ಚರಟ ಬೆರೆಸಿದೆ. ಅಲ್ಲೊಂದು ಇಲ್ಲೊಂದು ಬೀಜ ಮೊಳೆಯಿತು, ಅಷ್ಟೇ. ಚರಟದಲ್ಲಿ ಉಳಿದಿರುವ ಕೆಫೀನ್ ಎಳೆಯ ಮೊಳಕೆಗೆ ಆಗಿಬರುವುದಿಲ್ಲವೆಂದು ಆಮೇಲೆ ಓದಿ ತಿಳಿದೆ. ಈಗ ತರಗೆಲೆ, ತರಕಾರಿ ಸಿಪ್ಪೆಯ ಜೊತೆ ಗೊಬ್ಬರದ ಗುಂಡಿಗೆ ಹಾಕುತ್ತೇನೆ, ಐದರಲ್ಲಿ ಒಂದು ಪಾಲು ಮೀರದಂತೆ. ಕೆಲವು ತಿಂಗಳು ಕೊಳೆತು ಕಪ್ಪುಮಣ್ಣಾದ ಮೇಲೆ ಗಿಡಕ್ಕೆ ಕೊಡುತ್ತೇನೆ. ನಮಗೆ ಬೇಡವಾದದ್ದನ್ನು ಸುರಿದರೆ ಬಾಯಿಲ್ಲದ ಗಿಡವೂ ಒಪ್ಪುವುದಿಲ್ಲ.

ನಮ್ಮ ಮನೆಗೆಲಸದಾಕೆಯೂ ಒಪ್ಪಿರಲಿಲ್ಲ. ಅದು ನನಗೆ ಗೊತ್ತಾಗಲಿಲ್ಲ, ಅಷ್ಟೆ.

ಆಕೆ ಬಂದದ್ದು 2003ರಲ್ಲಿ. ಒಂದೆರಡು ತಿಂಗಳು ಕೊಟ್ಟ ಕಾಫಿ ಕುಡಿದಳು. ಆಮೇಲೊಂದು ದಿನ, “ಕಾಫಿ ಬ್ಯಾಡಿ ಟೀಚರಮ್ಮ, ನಂಗೆ ಪಿತ್ತ ಆಯ್ತದೆ” ಎಂದಳು. ನಾನು ನಂಬಿದೆ. ಒಂದು ಲೋಟ ಹಾಲು ಉಳಿಯಿತು ಎಂದು ಒಳಗೊಳಗೇ ಸಮಾಧಾನವೂ ಆಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

2019ರ ಮಾರ್ಚಿನಲ್ಲಿ ಮೊಮ್ಮಗುವಿನ ನಾಮಕರಣಕ್ಕೆ ಕರೆದಳು. ಮಗಳು, ಅಳಿಯ ಸಕಲೇಶಪುರದ ಆಚೆ ಒಂದು ತೋಟದಲ್ಲಿದ್ದರು. ಆ ಕಡೆಯ ತೋಟಗಳಲ್ಲೇ ತಾನೂ ಹುಡುಗಿಯಾಗಿದ್ದಾಗ ಕಾಫಿ ಹಣ್ಣು ಕೊಯ್ಯುತ್ತಿದ್ದೆ ಎಂದು ಅವತ್ತೇ ಹೇಳಿದ್ದು. ಹದಿನಾರು ವರ್ಷದಲ್ಲಿ ನಾನು ಕೇಳಿರಲಿಲ್ಲ. ಲೈನು ಮನೆಯ ಜಗಲಿಯಲ್ಲಿ ಕೂರಿಸಿ ನನಗೆ ಬೆಲ್ಲದ ಕರಿಕಾಫಿ ಕೊಟ್ಟಳು. ಗಟ್ಟಿಯಾಗಿ, ಘಮ್ಮೆನ್ನುತ್ತಿತ್ತು. ತಾನೂ ನನ್ನ ಎದುರಿಗೆ ಕುಳಿತು ದೊಡ್ಡ ಲೋಟದ ತುಂಬ ಕುಡಿದಳು, ಇನ್ನೊಂದು ಸಲ ಹಾಕಿಸಿಕೊಂಡಳು.

“ನಿನಗೆ ಪಿತ್ತ ಆಗುತ್ತೆ ಅಂತಿದ್ದೆಯಲ್ಲೆ?” ಎಂದೆ.

“ಈ ಕಾಫೀಲಿ ಆಗಕಿಲ್ಲ ಟೀಚರಮ್ಮ” ಎಂದು ನಕ್ಕಳು. ಚುಚ್ಚಬೇಕೆಂದು ಹೇಳಿದ್ದಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ದಾರಿಯುದ್ದಕ್ಕೂ ಕಾಫಿ ಹೂವಾಗಿತ್ತು. ನನಗೆ ಅದನ್ನು ನೋಡುವ ಮನಸ್ಸಾಗಲಿಲ್ಲ.

ನಾನು ಮಾಡಿದ ತಪ್ಪಾದರೂ ಏನು? ಬೈದಿರಲಿಲ್ಲ, ಸಂಬಳ ಹಿಡಿದಿರಲಿಲ್ಲ. ಎರಡನೇ ಡಿಕಾಕ್ಷನ್ ವಿಷವೇನೂ ಅಲ್ಲ. ನನ್ನ ಅಮ್ಮ ಜೀವಮಾನವಿಡೀ ಅದನ್ನೇ ಕುಡಿದಳು, ಮೊದಲನೆಯದು ನಮಗಿರಲಿ ಎಂದು. ಯೋಚಿಸಿದಾಗ ವ್ಯತ್ಯಾಸ ಇಲ್ಲೇ ಇದೆ ಅನ್ನಿಸಿತು. ಅಮ್ಮ ತನ್ನ ಪಾಲಿನಿಂದ ಉಳಿಸಿದಳು, ನಾನು ಇನ್ನೊಬ್ಬಳ ಪಾಲಿನಿಂದ ಉಳಿಸಿದೆ. ಎರಡಕ್ಕೂ ಮಿತವ್ಯಯ ಎಂಬ ಒಂದೇ ಹೆಸರಿಟ್ಟುಕೊಂಡಿದ್ದೆ. ಅಮ್ಮನಿಗಾದರೂ ಅದು ಇಷ್ಟವಾಗಿತ್ತೇ, ಇಲ್ಲ ಬೇರೆ ದಾರಿ ಇರಲಿಲ್ಲವೇ? ಆ ಪ್ರಶ್ನೆಯನ್ನೂ ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.

ಇದನ್ನು ಹೇಳಿದಾಗ ಪಕ್ಕದ ಮನೆಯವರು, “ಚೆಲ್ಲೋದಕ್ಕಿಂತ ಕೊಡೋದು ವಾಸಿ ಅಲ್ವೇನ್ರೀ?” ಎಂದರು. ಮಾತು ಸರಿಯಾಗಿಯೇ ಕಾಣುತ್ತದೆ. ಆದರೆ ಚೆಲ್ಲಬೇಕು ಅನ್ನಿಸಿದಾಗ ಮಾತ್ರ ನಮಗೆ ಒಬ್ಬರ ನೆನಪಾಗುವುದಾದರೆ, ಅವರನ್ನು ನಾವು ಯಾವ ಜಾಗದಲ್ಲಿ ನಿಲ್ಲಿಸಿದ್ದೇವೆ? ಹಳಸುವ ಮುಂಚಿನ ಸಾರು, ಬಣ್ಣ ಹೋದ ಸೀರೆ, ಎಲ್ಲಕ್ಕೂ ಇದೇ ಪ್ರಶ್ನೆ. ಕೊಡಬಾರದೆಂದಲ್ಲ. ಬೇಕೇ ಎಂದು ಕೇಳಿ ಕೊಡಬಹುದು, ಬೇಡ ಎನ್ನಲು ಅವರಿಗೆ ಅಂಜಿಕೆಯಿಲ್ಲದಂತೆ.

ಮಾರನೆಯ ದಿನದಿಂದ ಫಿಲ್ಟರಿಗೆ ಒಂದು ಚಮಚ ಪುಡಿ ಹೆಚ್ಚು ಹಾಕತೊಡಗಿದೆ. ಮೊದಲ ಡಿಕಾಕ್ಷನ್ನಿನ ಕಾಫಿ ಮುಂದಿಟ್ಟರೆ ಆಕೆ ಮತ್ತೆ, “ಪಿತ್ತ” ಎಂದಳು. ಒತ್ತಾಯಿಸಲಿಲ್ಲ. ಹದಿನಾರು ವರ್ಷದ ಮಾತು ಒಂದು ಚಮಚ ಪುಡಿಗೆ ಕರಗುವುದಿಲ್ಲವಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ಮಳೆಯಲ್ಲಿ ನೆನೆದು ಬಂದವಳು ಸೆರಗು ಹಿಂಡಿಕೊಳ್ಳುತ್ತಾ, “ಒಂದೀಟು ಕಾಫಿ ಕೊಡಿ ಟೀಚರಮ್ಮ” ಎಂದಳು. ಇಬ್ಬರೂ ಅಡುಗೆಮನೆಯಲ್ಲೇ ಕುಳಿತು ಕುಡಿದೆವು.

ಎರಡನೇ ಡಿಕಾಕ್ಷನ್ ಈಗಲೂ ಒಮ್ಮೊಮ್ಮೆ ಇಳಿಸುತ್ತೇನೆ. ಅದು ಮಧ್ಯಾಹ್ನ, ನನಗೇ.