ಇಂದಿನ ಧಮ್ಮ ಚಿಂತನೆ: ಹೊಂಡದ ದನಿ

 



ಶಹಾಬಾದ್ ಕಡೆಯ ನಾಲ್ವರು ಹುಡುಗರು ದೆವ್ವ ಹುಡುಕುತ್ತ ರಾತ್ರಿ ಒಂದು ಹಳೆಯ ಫರ್ಸಿಕಲ್ಲಿನ ಗಣಿಗೆ ಹೋಗಿದ್ದರು. ನೀರು ತುಂಬಿದ ಆ ಹೊಂಡದಲ್ಲಿ ಹಿಂದಿನ ವರ್ಷ ಒಬ್ಬ ಬಾಲಕ ಮುಳುಗಿ ತೀರಿಕೊಂಡಿದ್ದ. "ಯಾರಾದ್ರೂ ಇದ್ದೀರೇನು?" ಎಂದು ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರು. ಗೊರಗೊರ ಸದ್ದಿನ ನಡುವೆ ಏನೋ ಕೇಳಿಸಿತು. "ಯವ್ವಾ ಬಾ ಅಂತದ, ಕಿವಿಗೊಟ್ಟು ಕೇಳ್ರಿ" ಎಂದು ಬರೆದು ಕಳಿಸಿದರು. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಗುಂಪುಗಳನ್ನೆಲ್ಲ ಸುತ್ತಿ ಆ ಆಡಿಯೋ ಕೊನೆಗೆ ಹುಡುಗನ ತಾಯಿಯ ಕೈಗೇ ಬಂತು.

ನಮ್ಮ ಅಧ್ಯಯನ ಬಳಗದಲ್ಲಿ ಅದನ್ನು ಏಳು ಜನರಿಗೆ ಏನೂ ಹೇಳದೆ ಕೇಳಿಸಿದೆವು. ಒಬ್ಬರಿಗೆ "ಬಾವಿ" ಎಂದು ಕೇಳಿಸಿತು, ಇನ್ನೊಬ್ಬರಿಗೆ ನಾಯಿ ಮುಲುಕಿದಂತೆ. ಉಳಿದವರಿಗೆ ಬರೀ ಗಾಳಿ. "ಯವ್ವಾ ಬಾ" ಎಂದು ಹೇಳಿ ಮತ್ತೆ ಹಾಕಿದಾಗ ಐವರಿಗೆ ಹಾಗೆಯೇ ಕೇಳಿಸಿತು! ಸುತ್ತ ನಿಶ್ಶಬ್ದವಾದಾಗ ಮೊಬೈಲ್ ತಾನಾಗಿಯೇ ಸಣ್ಣ ಸದ್ದನ್ನೂ ದೊಡ್ಡದು ಮಾಡುತ್ತದೆ. ದೂರದ ರೈಲು, ಪಕ್ಕದವನ ಉಸಿರು ಎಲ್ಲವೂ ಸೇರುತ್ತವೆ. ಮಾತಿಗೆ ಒಗ್ಗಿದ ಮನಸ್ಸು ಅದರಲ್ಲಿ ಮಾತು ಹುಡುಕುತ್ತದೆ.

ಇದು ಹೊಸತೇನಲ್ಲ. 1959ರಲ್ಲಿ ಸ್ವೀಡನ್ನಿನ ಫ್ರೆಡ್ರಿಕ್ ಯುರ್ಗೆನ್ಸನ್ ಹಕ್ಕಿಗಳ ಹಾಡು ರೆಕಾರ್ಡ್ ಮಾಡಿದಾಗ ಟೇಪಿನಲ್ಲಿ ಮನುಷ್ಯರ ದನಿ ಕೇಳಿತೆಂದರು. ಮುಂದೆ ತೀರಿಕೊಂಡ ತಮ್ಮ ತಾಯಿಯೇ ಕರೆದಳೆಂದರು. ನಾವು ಯಾರಿಗಾಗಿ ಹಂಬಲಿಸುತ್ತೇವೋ ಅವರ ದನಿಯೇ ಕೇಳುತ್ತದೆ. ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದೂ ಇದನ್ನೇ: ಕೇಳಿಬಂತು ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ.

ಇಷ್ಟರಲ್ಲಿ ಯಾರೋ ಆ ತಾಯಿಗೆ "ಮಗನಿಗೆ ಮುಕ್ತಿ ಸಿಕ್ಕಿಲ್ಲ, ಪಿಂಡ ಇಡಿಸವ್ವ" ಎಂದು ಖರ್ಚಿನ ಲೆಕ್ಕವನ್ನೂ ಕೊಟ್ಟಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಒಂದು. ಅದನ್ನು ನೆನಪಿಸಿ, ಆಡಿಯೋದ ಸುಳ್ಳನ್ನು ತಿಳಿಸಿ ಹೇಳಬೇಕೆಂದು ನಾವು ಅವರ ಮನೆಗೆ ಹೋದೆವು.

ಆಕೆ ಎಲ್ಲ ಕೇಳಿ ಹೇಳಿದರು: "ಅದು ಅವನ ದನಿ ಅಲ್ಲಂತ ನನಗೂ ಗೊತ್ತದರೀ. ಆದ್ರ ಒಂದು ವರ್ಷದಾಗ ಅವನ ಸುದ್ದಿ ಯಾರೂ ತೆಗೀಲಿಲ್ಲ. ಹೊಂಡಕ್ಕ ಬೇಲಿ ಹಾಕ್ರಿ ಅಂತ ನಾ ಬಡ್ಕೊಂಡಿದ್ದು ಯಾರಿಗೂ ಕೇಳಿಲ್ಲ. ಇಲ್ಲದ ದನಿ ಇಡೀ ಊರಿಗೇ ಕೇಳಿಸ್ತು."

ನಮಗೆ ಉತ್ತರ ಬರಲಿಲ್ಲ.

ಸತ್ತ ಮಗುವನ್ನು ಹೊತ್ತು ಬಂದ ಕಿಸಾಗೋತಮಿಯ ಜೊತೆ ಭಗವಾನರು ವಾದಕ್ಕೆ ಇಳಿಯಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದರು. ಆಕೆ ಮನೆಮನೆಗೆ ಹೋಗಿ ಎಲ್ಲರ ದುಃಖ ಕೇಳಿದಳು. ಸತ್ಯ ತಾನೇ ತಿಳಿಯಿತು. ನಾವು ಸತ್ಯವನ್ನು ಹೊತ್ತು ಹೋಗಿದ್ದೆವು, ಆದರೆ ಒಂದು ವರ್ಷ ತಡವಾಗಿ. ಕರುಣೆಯಿಲ್ಲದ ಸತ್ಯ ವಾದ ಗೆಲ್ಲುತ್ತದೆ, ಕಣ್ಣೀರು ಒರೆಸುವುದಿಲ್ಲ. ಪಿಂಡ ಬಿಟ್ಟ ಮಾತ್ರಕ್ಕೆ ಸತ್ತವರ ಋಣ ತೀರಿತೆಂದು ನಾವು ತಿಳಿದಿದ್ದರೆ ಅದು ತಪ್ಪು. ಆ ಋಣ ಈಗ ಬದುಕಿರುವವರ ಕಡೆಗೆ ತಿರುಗಿದೆ.

ಬೇಲಿಯ ಅರ್ಜಿಗೆ ಬಳಗದವರೆಲ್ಲ ಸಹಿ ಹಾಕಿದ್ದೇವೆ. ಆ ನಾಲ್ವರು ಹುಡುಗರೂ ಹಾಕಿದ್ದಾರೆ.

ಇಂದಿನ ಅಭ್ಯಾಸ: ನಿಮ್ಮ ಓಣಿಯಲ್ಲಿ ಮಗುವನ್ನು ಕಳೆದುಕೊಂಡ ಮನೆಗೆ ಹೋಗಿ. ಆ ಮಗುವಿನ ಹೆಸರು ಹಿಡಿದು ಮಾತಾಡಿ. ಆಮೇಲೆ ಸುಮ್ಮನೆ ಕೇಳಿ.

ಭವತು ಸಬ್ಬ ಮಂಗಲಂ.